ತೊಂಬತ್ತು ದಿನದ ಹಸಿರು

ಮಾರ್ಚ್ 3, ಸೋಮವಾರ. ಬೆಳಿಗ್ಗೆ 9.20

ಸನ್ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಗಣ್ಯರೇ, ಹಿಂದಿನ ಸಾಲಿನಲ್ಲಿ ಆಗಲೇ ತೂಕಡಿಸುತ್ತಿರುವ ಮಹನೀಯರೇ... ಇಂದಿನ ವರದಿ: ಹಸಿರು. ಐವತ್ತೆಂಟು ಪರೀಕ್ಷೆ, ಒಂದೂ ಫೇಲಿಲ್ಲ. ಚಪ್ಪಾಳೆ ಬೇಡ, ಚಹಾ ಸಾಕು.

ದಿನ 71.

ಸಭೆಗೆ ಹೊಸದಾಗಿ ಬಂದವರ ಗಮನಕ್ಕೆ. ನಮ್ಮದು ಬ್ರೈಲ್ ಮುದ್ರಣಾಲಯ. ಕನ್ನಡ ಅಕ್ಷರ ಕೊಟ್ಟರೆ ಬ್ರೈಲ್ ಚುಕ್ಕಿ ಮಾಡಿಕೊಡುವ ಒಂದು ಸಾಫ್ಟ್‌ವೇರ್ ಪ್ಯಾಕೇಜ್ ನಮ್ಮ ಹತ್ತಿರ ಇದೆ. ಓಪನ್ ಸೋರ್ಸ್. ಯಾರು ಬೇಕಾದರೂ ಪುಕ್ಕಟೆ ತೆಗೆದುಕೊಳ್ಳಬಹುದು, ತಿದ್ದಬಹುದು, ಬೈಯಬಹುದು. ಆದರೆ ಯಾವ ಅಕ್ಷರಕ್ಕೆ ಯಾವ ಚುಕ್ಕಿ ಎನ್ನುವ ಕೋಷ್ಟಕ ನಮ್ಮದಲ್ಲ. ದೂರದಲ್ಲೆಲ್ಲೋ ಕೂತ ಒಬ್ಬ ನಿವೃತ್ತ ಮೇಷ್ಟ್ರದು. ಅವರು ಕೊಟ್ಟರೆ ನಾವು ಪಂಡಿತರು, ಕೊಡದಿದ್ದರೆ ಹೆಬ್ಬೆಟ್ಟು.

ಕಿಟಕಿಯ ಪಕ್ಕದ ಕಂಪ್ಯೂಟರ್ ದಿನಾ ಎಂಟು ಗಂಟೆಗೆ ತಾನೇ ಎದ್ದು ಈ ಪ್ಯಾಕೇಜಿನಲ್ಲಿ ತಪ್ಪು ಹುಡುಕುತ್ತದೆ. ಅದಕ್ಕೆ ಅಣ್ಣ ಇಟ್ಟ ಹೆಸರು ಅತ್ತೆ. 'ಮದುವೆ ಆಗದೇ ಅತ್ತೆ ಸಿಕ್ಕಿದ್ದು ನಿನಗೊಬ್ಬಳಿಗೇ ಕಣೇ.' ಮುಂಚೆ ಅತ್ತೆಯವರು ಹನ್ನೊಂದು ನಿಮಿಷ ಗೊಣಗುತ್ತಿದ್ದರು, ವಾರಕ್ಕೆರಡು ಸಲ ಕೆಂಪಾಗುತ್ತಿದ್ದರು. ಡಿಸೆಂಬರಿನಲ್ಲಿ ಡಿಸ್ಕ್ ಕೆಟ್ಟು ಹೊಸದು ಹಾಕಿಸಿದ್ದೇ ತಡ, ನಾಲ್ಕೇ ಸೆಕೆಂಡು. ಮುಖ ಸದಾ ಹಸಿರು. ಹಸಿರು ಬಂತು, ಉಸಿರು ಬಂತು.

ಆ ಹಸಿರಿನ ಜಂಬದಲ್ಲೇ ಜನವರಿಯ ಮೀಟಿಂಗಿನಲ್ಲಿ ಬಾಯಿ ಬಿಟ್ಟೆ. ಮ್ಯಾನೇಜರ್ 'ಕನ್ನಡ ಎಂ.ಎ. ಮಾಡಿದೋರಿಗೆ ಈ ಟೆಸ್ಟಿಂಗೆಲ್ಲ ಹೇಗಮ್ಮ ನಿಭಾಯಿಸೋಕಾಗುತ್ತೆ' ಅಂದರು. 'ಡಿಸ್ಕ್ ಹಾಕಿದಾಗಿಂದ ಎಣಿಸಿ, ತೊಂಬತ್ತು ದಿನ ಹಸಿರು ತೋರಿಸ್ತೀನಿ ಸರ್' ಅಂದೆ. ಅವರು ಡೈರಿಯಲ್ಲಿ ಬರೆದುಕೊಂಡರು. 'ತೋರಿಸಿ. ಆಮೇಲೆ ಬೆರಳು ಓದಿನ ಮೇಜು ಯಾಕೆ?'

ಬೆರಳು ಓದಿನ ಮೇಜು ಅಂದರೆ ಅಣ್ಣ. ಹುಟ್ಟು ಕುರುಡ. ಮೂವತ್ತು ವರ್ಷದಿಂದ ಮುದ್ರಣವಾದ ಹಾಳೆಯನ್ನು ಬೆರಳಲ್ಲಿ ಓದಿ ತಪ್ಪು ಹಿಡಿಯುವವನು. ಮೇಜು ಮುಚ್ಚಿದರೆ ಹಾಳೆ ಜೋಡಿಸುವ ಕೆಲಸ ಕೊಡುತ್ತಾರಂತೆ.

ಇನ್ನು ಹತ್ತೊಂಬತ್ತು ದಿನ. ಅತ್ತೆಯ ಗೆಲುವು ನನ್ನ ಗೆಲುವು. ಮಿಕ್ಕಿದ್ದನ್ನು ಸಭೆ ಮುಂದೂಡಿದೆ.

ಮಾರ್ಚ್ 5, ಬುಧವಾರ. ಮಧ್ಯಾಹ್ನ 3.10

ದಿನ 73. ಹಸಿರು.

ಸಕ್ಕರೆ ಕಾಯಿಲೆಯಿಂದ ಕಣ್ಣು ಹೋದವರಿಗಾಗಿ ಒಂದು ಕ್ಲಿನಿಕ್ ಮಾಡಿಸುತ್ತಿರುವ ಕೈಪಿಡಿ. ಆರುನೂರು ಪ್ರತಿ. ಇನ್ಸುಲಿನ್ ಯಾವಾಗ, ಎಷ್ಟು ಯೂನಿಟ್, ತಲೆ ಸುತ್ತಿದರೆ ಏನು. ಯಂತ್ರ ಬೆಳಿಗ್ಗೆಯಿಂದ ಟಕಟಕ ಒತ್ತುತ್ತಿದೆ. ಅಣ್ಣ ಬಿದ್ದ ಹಾಳೆಗಳಲ್ಲಿ ಒಂದನ್ನು ಎತ್ತಿಕೊಂಡು ಕೂತ. ಸ್ವಲ್ಪ ಹೊತ್ತಿಗೆ, ನನ್ನ ಪ್ರಾಸದ ಚಟಕ್ಕೆ ತಾನೇ ಇಟ್ಟ ಹೆಸರು ಹಿಡಿದು ಕೂಗಿದ.

'ಪ್ರಾಸಮ್ಮಾ, ಊಟಕ್ಕೆ ಮುಂಚೆ ಅಬ ಯೂನಿಟ್ ಚುಚ್ಕೋಬೇಕಂತೆ.'

'ಅಬ ಅಂದ್ರೆ ಹನ್ನೆರಡು ಅಲ್ವೇನೋ?'

'ನಿನಗೂ ನನಗೂ ಹನ್ನೆರಡು. ಹೋದ ತಿಂಗಳು ಬ್ರೈಲ್ ಕಲಿತೋರಿಗೆ ಅಬ ಅಂದ್ರೆ ಅಬ. ಮುಂದೆ ಅಂಕಿ ಚಿಹ್ನೆ ಇಲ್ಲ ಕಣೇ.'

ಬ್ರೈಲಿನಲ್ಲಿ ಅಂಕಿಗೆಂದು ಬೇರೆ ಚುಕ್ಕಿ ಇಲ್ಲ. ಅಕ್ಷರದ ಮುಂದೆ ಒಂದು ಅಂಕಿ ಚಿಹ್ನೆ ನಿಲ್ಲಿಸಿದರೆ ಅಕ್ಷರವೇ ಅಂಕಿ. ಅ ಒಂದು, ಬ ಎರಡು, ದ ನಾಲ್ಕು, ಜ ಸೊನ್ನೆ. ಚಿಕ್ಕವರಿದ್ದಾಗ ಅದೇ ನಮ್ಮ ಗುಟ್ಟಿನ ಭಾಷೆ. ಈಗಲೂ ನಮ್ಮ ಮನೆಯಲ್ಲಿ ನಲವತ್ತಕ್ಕೆ ದಜ, ಇಪ್ಪತ್ತಕ್ಕೆ ಬಜ. ಆಟದಲ್ಲಿ ಸರಿ. ಔಷಧದ ಪುಟದಲ್ಲಿ ಚಿಹ್ನೆ ಬಿದ್ದುಹೋದರೆ ಓದುವವನು ಎಷ್ಟು ಚುಚ್ಚಿಕೊಳ್ಳಬೇಕು?

ಎದ್ದು ಹೋಗಿ ಅವನ ಕೈಯಲ್ಲಿದ್ದ ಹಾಳೆ ನೋಡಬಹುದಿತ್ತು. ಹೋಗಲಿಲ್ಲ. ಕೂತಲ್ಲೇ ಅದೇ ಪುಟದ ಕರಡು ತೆಗೆದೆ. ಕರಡು ಚಿಕ್ಕ ಹಾಳೆ, ಸಾಲಿಗೆ ಮೂವತ್ತು ಅಕ್ಷರ. ಕೊನೆಯ ಮುದ್ರಣ ದೊಡ್ಡದು, ಸಾಲಿಗೆ ನಲವತ್ತು. ಮಿಕ್ಕಂತೆ ಎರಡೂ ಒಂದೇ. ಕಣ್ಣಲ್ಲೇ ಓದಿದೆ. ಹನ್ನೆರಡರ ಮುಂದೆ ಚಿಹ್ನೆ ಗಟ್ಟಿಯಾಗಿ ಕೂತಿತ್ತು.

'ಇದ್ಯಲ್ಲೋ ಅಣ್ಣ! ತಗೋ, ನೀನೇ ಮುಟ್ಟು.'

ಕರಡು ಮುಟ್ಟಿದ. ಇನ್ನೊಂದು ಸಲ ಮುಟ್ಟಿದ.

'ಇದೆ.'

ಅಷ್ಟರಲ್ಲಿ ಅವನ ಮುಂದಿದ್ದ ದೊಡ್ಡ ಹಾಳೆಯನ್ನು ಹೊಲಿಗೆಯವರು ಕಟ್ಟಿನೊಳಗೆ ಸೇರಿಸಿ ಒಯ್ದಿದ್ದರು.

ಮಾರ್ಚ್ 6, ಗುರುವಾರ. ಸಂಜೆ 5.30

ದಿನ 74. ಹಸಿರು.

ಅಣ್ಣ ಬೆಳಿಗ್ಗೆ ಮ್ಯಾನೇಜರ್ ಹತ್ತಿರ ತಾನೇ ಹೋಗಿ ಹೇಳಿದ. ಒಂಬತ್ತನೇ ಪುಟ. ಮೂರು ಕಡೆ ಚಿಹ್ನೆ ಸಿಗಲಿಲ್ಲ. ಬೇರೆ ಕಡೆಯೆಲ್ಲ ಇದೆ. ಕಟ್ಟು ಬಿಚ್ಚಿ ನೋಡಿ.

ಮ್ಯಾನೇಜರ್ ನನ್ನನ್ನು ಕರೆಸಿದರು. 'ನಿಮ್ಮ ಮಿಷನ್ ಏನನ್ನುತ್ತೆ?'

'ಹಸಿರು ಸರ್.'

'ಕರಡು?'

'ಸರಿ ಇದೆ ಸರ್.'

ಒಂಬತ್ತನೇ ಪುಟದ ಕರಡನ್ನೇ ತಂದು ಅಣ್ಣನ ಮುಂದಿಟ್ಟರು. ಕಟ್ಟು ಬಿಚ್ಚಿಸಲಿಲ್ಲ. 'ಈಗ ಹೇಳಿ. ಚಿಹ್ನೆ ಇದೆಯೋ, ಇಲ್ಲವೋ?'

ಅಣ್ಣ ಓದಿದ. ಅಷ್ಟು ನಿಧಾನವಾಗಿ ಅವನು ಓದಿದ್ದನ್ನು ನಾನು ನೋಡಿಲ್ಲ. 'ಇದೆ ಸರ್. ಎಲ್ಲಾ ಕಡೆ ಇದೆ.'

'ನಿನ್ನೆ ಇರಲಿಲ್ಲ. ಇವತ್ತು ಇದೆ. ರಾತ್ರೋರಾತ್ರಿ ಬೆಳೀತಾ?' ಆಮೇಲೆ, ಸಿಟ್ಟಿಲ್ಲದೆ, ಅದೇ ಕಷ್ಟವಾಗಿದ್ದು: 'ನಿಮಗೂ ಸಕ್ಕರೆ ಕಾಯಿಲೆ ಇದೆ ಅಲ್ವಾ? ಬೆರಳ ತುದಿ ಜೋಮು ಹಿಡಿಯುತ್ತಂತೆ. ಒಂದ್ಸಲ ಡಾಕ್ಟರಿಗೆ ತೋರಿಸಿ.'

ಕೈಪಿಡಿಗಳು ಪೆಟ್ಟಿಗೆ ಸೇರಿ ಟೇಪು ಹಾಕಿಸಿಕೊಂಡವು. ಹದಿನೇಳಕ್ಕೆ ಕ್ಲಿನಿಕ್ಕಿನ ವ್ಯಾನ್.

ಮನೆಗೆ ನಡೆದು ಬರುವಾಗ ಅಣ್ಣ ದಾರಿಯುದ್ದಕ್ಕೂ ಹೆಬ್ಬೆರಳಿನಿಂದ ತೋರುಬೆರಳ ತುದಿ ಉಜ್ಜುತ್ತಿದ್ದ. ಒಂದು ಪ್ರಾಸ ಕಟ್ಟಿ ಹೇಳಿದೆ. ನಗಲಿಲ್ಲ.

ಮಾರ್ಚ್ 8, ಶನಿವಾರ. ಬೆಳಿಗ್ಗೆ 11.40

ದಿನ 76. ಹಸಿರು. ಹೌದು ಸ್ವಾಮಿ, ಹಸಿರು.

ಡಾಕ್ಟರ್ ಒಂದು ನೈಲಾನ್ ಎಳೆಯನ್ನು ಬೆರಳ ತುದಿಗೆ ತಾಗಿಸಿ ತಾಗಿಸಿ ಕೇಳಿದರು. ಗೊತ್ತಾಯ್ತಾ, ಈಗ, ಈಗ. ಹತ್ತರಲ್ಲಿ ಒಂಬತ್ತಕ್ಕೆ ಅಣ್ಣ ಹೌದು ಅಂದ. ಒಂದಕ್ಕೆ ತಡೆದ.

'ಜೋಮು ಶುರು ಆಗಿದ್ರೂ ಆಗಿರಬಹುದು. ಇಲ್ಲದೆಯೂ ಇರಬಹುದು.'

'ಡಾಕ್ಟ್ರೇ, ಇದಕ್ಕೆ ನಾವು ಟೋಕನ್ ತಗೊಂಡು ಒಂದು ಗಂಟೆ ಕಾದ್ವಾ?' ಅಂದೆ. ಡಾಕ್ಟರ್ ನಕ್ಕರು. ಅಣ್ಣ ಆ ಒಂದು ಎಳೆಯನ್ನೇ ಹಿಡಿದುಕೊಂಡುಬಿಟ್ಟ.

ಈಗ ಅಡುಗೆಮನೆಯ ಮೇಜಿನ ಮೇಲೆ ಅಂಗಿಯ ಗುಂಡಿ, ಸೂಜಿ, ಉಪ್ಪು, ಸಕ್ಕರೆ ಸಾಲಾಗಿ ಇಟ್ಟುಕೊಂಡು ಮುಟ್ಟಿ ಗುರುತಿಸುತ್ತಿದ್ದಾನೆ. ಉಪ್ಪಿಗೆ ಉಪ್ಪು ಅಂದ. ಸಕ್ಕರೆಗೂ ಸರಿಯಾಗಿ ಸಕ್ಕರೆ ಅಂದ.

'ನೋಡು, ಎಲ್ಲಾ ಸರಿ ಇದೆ' ಅಂದೆ.

'ಸರಿ ಇದ್ದದ್ದು ಸರಿ ಅನ್ನೋಕೆ ಬೆರಳು ಯಾಕೆ? ಇಲ್ಲದ್ದನ್ನ ಇಲ್ಲ ಅನ್ನೋಕೆ ಬೇಕಿತ್ತು. ಅದೇ ಕೈ ಕೊಟ್ಟಿತು.'

ಮಾರ್ಚ್ 12, ಬುಧವಾರ. ಬೆಳಿಗ್ಗೆ 8.50

ದಿನ 80. ಬಣ್ಣ ಆಮೇಲೆ ಹೇಳುತ್ತೇನೆ.

ತಿಂಡಿ ತಿನ್ನುವಾಗ ಅಣ್ಣ ಕೇಳಿದ. 'ನಿನ್ನ ಅತ್ತೆ ಐವತ್ತೆಂಟು ಪಾಠ ಎಷ್ಟು ಹೊತ್ತಲ್ಲಿ ಓದ್ತಾರೆ?'

'ನಾಲ್ಕು ಸೆಕೆಂಡ್.'

'ನನಗೆ ಒಂದು ಪುಟಕ್ಕೆ ಮೂರು ನಿಮಿಷ ಬೇಕು. ನನಗೂ ಹೇಳಿಕೊಡೋಕೆ ಹೇಳೇ. ಇಷ್ಟು ಬೇಗ ಯಾವಾಗ ಓದ್ತಿದ್ದೆ ಗೊತ್ತಾ? ಸ್ಕೂಲಲ್ಲಿ. ಓದದೇ ಇದ್ದಾಗ.'

ತಟ್ಟೆ ಅರ್ಧಕ್ಕೇ ಬಿಟ್ಟು ಎದ್ದೆ.

ಮುದ್ರಣಾಲಯಕ್ಕೆ ಬಂದವಳೇ ಅತ್ತೆಯ ಪೂರ್ತಿ ವರದಿ ತೆಗೆದೆ. ಮೇಲಿನ ಹಸಿರು ಗೆರೆ ಮಾತ್ರವಲ್ಲ, ಕೆಳಗಿನ ಸಣ್ಣ ಅಕ್ಷರ. ನಾನು ಎಂದೂ ಓದದ ಸಣ್ಣ ಅಕ್ಷರ.

ಫೇಲಾದದ್ದು: 0.
ಪಾಸಾದದ್ದು: 0.
ಬಿಟ್ಟದ್ದು: 58.

ಬಿಟ್ಟದ್ದು. ಎಂಬತ್ತು ದಿನ. ಒಂದೂ ನಡೆದಿಲ್ಲ. ಡಿಸೆಂಬರ್ 22ಕ್ಕೆ ಹೊಸ ಡಿಸ್ಕ್ ಹಾಕಿದಾಗ ಮೇಷ್ಟ್ರ ಕೋಷ್ಟಕವನ್ನು ಅದರಲ್ಲಿ ಯಾರೂ ಇನ್‌ಸ್ಟಾಲ್ ಮಾಡಿಲ್ಲ. 23ರಿಂದ ಹಸಿರು. ಪರೀಕ್ಷೆಯ ಫೈಲಿನ ಮೊದಲಿಗೆ ಒಂದು ಸಾಲು: ಹೊರಗಿನ ಕೋಷ್ಟಕ ಸಿಗದಿದ್ದರೆ ಪರೀಕ್ಷೆ ಬಿಟ್ಟುಬಿಡು. ಬಿಟ್ಟದ್ದನ್ನು ತಪ್ಪೆಂದು ಎಣಿಸಬೇಡ. ಪ್ರಶ್ನೆಪತ್ರಿಕೆಯೇ ಬರದ ಪರೀಕ್ಷೆಯ ಕೋಣೆಯಲ್ಲಿ ಐವತ್ತೆಂಟು ಮಕ್ಕಳು ಸುಮ್ಮನೆ ಕೂತು ಎದ್ದಿದ್ದಾರೆ. ಯಾರೂ ಫೇಲಾಗಲಿಲ್ಲ, ನಿಜ.

ಸಭಿಕರೇ, ಈ ಸಾಲನ್ನು ಯಾರೋ ಒಬ್ಬ ಪುಣ್ಯಾತ್ಮರು ಬರೆದಿದ್ದಾರೆ. ಎರಡು ವರ್ಷದ ಹಿಂದೆ ಮೇಷ್ಟ್ರ ಸರ್ವರ್ ದಿನ ಬಿಟ್ಟು ದಿನ ಮಲಗುತ್ತಿತ್ತು. ಅತ್ತೆ ಸುಮ್ಮಸುಮ್ಮನೆ ಕೆಂಪಾಗುತ್ತಿದ್ದರು, ಮ್ಯಾನೇಜರ್ ಅದಕ್ಕಿಂತ ಕೆಂಪಾಗುತ್ತಿದ್ದರು. ಆಗಿನ ತಾತ್ಕಾಲಿಕ ಏರ್ಪಾಡು. ಸಾಲಿನ ಮೇಲೆ ಟಿಪ್ಪಣಿಯೂ ಇದೆ:

ಹೊರಗಿನವರು ಬಂದರೆ ನೋಡು,
ಬಾರದಿದ್ದರೆ ಬಿಟ್ಟುಬಿಡು.

ಯಾವ ಸಾಲು ಯಾರು ಬರೆದದ್ದೆಂದು ಒಂದು ಗುಂಡಿ ಒತ್ತಿದರೆ ಹೆಸರು ಬರುತ್ತದೆ. ಒತ್ತಲಿಲ್ಲ. ಸಭೆಯ ಸಮಯ ಅಮೂಲ್ಯ.

ಅದೇ ದಿನ. ಮಧ್ಯಾಹ್ನ 12.15

ಮುದ್ರಣಕ್ಕೆ ಹಾಳೆ ಕಳಿಸುವ ನನ್ನ ಸ್ವಂತ ಕಂಪ್ಯೂಟರಿನಲ್ಲಿ ಕೋಷ್ಟಕ ಇದೆ. ಅದರಲ್ಲಿ ಓಡಿಸಿದೆ. ಅತ್ತೆಗೆ ಗೊತ್ತಾಗದ ಹಾಗೆ.

ಹನ್ನೊಂದು ನಿಮಿಷ. ಐವತ್ತೊಂದು ಪಾಸು. ಏಳು ಫೇಲು. ಏಳೂ ಅಂಕಿಯವು.

ಮೇಷ್ಟ್ರ ಹಳೆಯ ಮೇಲ್ ಹುಡುಕಿದೆ. ಫೆಬ್ರುವರಿ 2ರದು: 'ಹೊಸ ಆವೃತ್ತಿಯಲ್ಲಿ ಅಂಕಿ ಚಿಹ್ನೆಯ ನಿಯಮ ಬದಲಾಯಿಸಿದ್ದೇನೆ. ಎಲ್ಲಾದರೂ ಎಡವಬಹುದು. ದಯವಿಟ್ಟು ನಿಮ್ಮ ಪರೀಕ್ಷೆಗಳನ್ನು ಓಡಿಸಿ ನೋಡಿ ತಿಳಿಸಿ.' ಅದಕ್ಕೆ ಉತ್ತರವೂ ಹೋಗಿದೆ. 'ಓಡಿಸಿದೆವು ಸರ್. ಎಲ್ಲಾ ಹಸಿರು.'

ಹೊಸ ನಿಯಮದ ಪ್ರಕಾರ ಅಂಕಿಗೆ ಮುಂಚೆ ಖಾಲಿ ಜಾಗ ಇದ್ದರೆ ಮಾತ್ರ ಚಿಹ್ನೆ ಬೀಳುತ್ತದೆ. ಸಾಲಿನ ಮೊದಲಲ್ಲೇ ಅಂಕಿ ಬಂದರೆ ಅದಕ್ಕೆ ಮುಂಚೆ ಖಾಲಿ ಜಾಗ ಎಲ್ಲಿರುತ್ತದೆ? ಚಿಹ್ನೆ ಮಾಯ. ಕರಡಿನಲ್ಲಿ ಸಾಲಿಗೆ ಮೂವತ್ತು ಅಕ್ಷರ: ಹನ್ನೆರಡು ಎಂಬ ಅಂಕಿ ಸಾಲಿನ ನಡುವೆ ಬಂತು. ದೊಡ್ಡ ಹಾಳೆಯಲ್ಲಿ ನಲವತ್ತು: ಅದೇ ಹನ್ನೆರಡು ಸಾಲಿನ ತಲೆಗೆ ಬಂತು. ನಾನು ನೋಡಿದ್ದು ಒಂದು ಹಾಳೆ. ಅವನು ಮುಟ್ಟಿದ್ದು ಇನ್ನೊಂದು.

ಅಣ್ಣನ ಬೆರಳು ಸರಿಯಾಗಿಯೇ ಹೇಳಿತ್ತು.

ಈಗಲೇ ಎದ್ದು ಹೋಗಿ ಹೇಳಬೇಕು. ಮೇಜು ಇಲ್ಲಿಂದ ಹದಿನಾಲ್ಕು ಹೆಜ್ಜೆ.

ಮಾರ್ಚ್ 14, ಶುಕ್ರವಾರ. ಸಂಜೆ 4.45

ದಿನ 82. ಹಸಿರು. ಈ ಸಲ ಅಸಲಿ.

ನಿನ್ನೆಯಿಡೀ ಕೂತು ಪ್ಯಾಕೇಜ್ ತಿದ್ದಿದೆ. ಸಾಲಿನ ಮೊದಲಿಗೂ ಚಿಹ್ನೆ ಬೀಳುತ್ತದೆ. ನನ್ನ ಕಂಪ್ಯೂಟರಿನಲ್ಲಿ ಐವತ್ತೆಂಟೂ ಪಾಸಾದ ಮೇಲೆಯೇ ಅತ್ತೆಯ ಡಿಸ್ಕಿಗೆ ಕೋಷ್ಟಕ ಹಾಕಿದೆ. ಬಿಟ್ಟುಬಿಡು ಸಾಲನ್ನು ಅಳಿಸಿದೆ. ಬೆಳಿಗ್ಗೆ ಅತ್ತೆ ಹನ್ನೊಂದು ನಿಮಿಷ ಗೊಣಗಿ ಹಸಿರಾದರು. ಎಣಿಕೆ ಒಂದು ದಿನವೂ ಮುರಿಯಲಿಲ್ಲ. ಎಷ್ಟು ನಾಜೂಕು ನೋಡಿ! ಯಾರಿಗೂ ಗೊತ್ತಾಗಲಿಲ್ಲ.

ಒಂದನ್ನು ಮಾತ್ರ ಯೋಚಿಸಿರಲಿಲ್ಲ.

ಇವತ್ತು ಬೇರೆ ಪುಸ್ತಕದ ಮುದ್ರಣ. ದೊಡ್ಡ ಹಾಳೆ. ಅಣ್ಣ ತಾನಾಗಿಯೇ ಕೇಳಿ ಇಪ್ಪತ್ತು ಹಾಳೆ ತರಿಸಿಕೊಂಡ. ಊಟ ಬಿಟ್ಟು ಓದಿದ. ಸಾಲಿನ ತಲೆಯ ಅಂಕಿಗಳನ್ನೆಲ್ಲ ಒಂದೊಂದಾಗಿ ಮುಟ್ಟಿದ. ಎಲ್ಲಕ್ಕೂ ಚಿಹ್ನೆ ಇತ್ತು. ನಾನೇ ಹಾಕಿದ ಚಿಹ್ನೆ.

ಹಾಳೆಗಳನ್ನು ಅಂಚು ಸರಿಯಾಗಿ ಜೋಡಿಸಿ ಪಕ್ಕಕ್ಕಿಟ್ಟ.

'ಒಂದೂ ತಪ್ಪಿಲ್ಲ ಕಣೇ. ಅಲ್ಲಿಗೆ ಮೊನ್ನೆ ತಪ್ಪಿದ್ದು ನನ್ನ ಬೆರಳೇ.'

'ಹಾಗೇನಿಲ್ಲ ಅಣ್ಣ, ಇನ್ನೊಂದ್ಸಲ...'

'ಸಮಾಧಾನ ಬೇಡ. ನೀನು ಸುಳ್ಳು ಹೇಳಿದ್ರೆ ಧ್ವನಿ ಒಂದು ಮೆಟ್ಟಿಲು ಮೇಲೆ ಹತ್ತುತ್ತೆ. ಚಿಕ್ಕೋಳಿದ್ದಾಗಿಂದ ಗೊತ್ತು.'

ತಪ್ಪು ಇದ್ದಾಗ ಅವನನ್ನು ನಂಬಲಿಲ್ಲ. ಈಗ ನಂಬಿಸಲು ತಪ್ಪೇ ಇಲ್ಲ. ತಿದ್ದಿಬಿಟ್ಟೆ.

ತಪ್ಪಿರುವುದು ಈಗ ಒಂದೇ ಕಡೆ. ಗೋಡೆಯ ಪಕ್ಕ, ಟೇಪು ಹಾಕಿದ ಪೆಟ್ಟಿಗೆಗಳಲ್ಲಿ. ಆರುನೂರು ಸಲ.

ಮಾರ್ಚ್ 15, ಶನಿವಾರ. ಸಂಜೆ 6.00

ದಿನ 83.

ಮನೆ ಮುಂದಿನ ಕೋಣೆಯಿಂದ ಮಧ್ಯಾಹ್ನ ಪೂರ್ತಿ ಟುಕ್ ಟುಕ್ ಸದ್ದು. ಅಣ್ಣ ಬ್ರೈಲ್ ಸ್ಲೇಟಿನಲ್ಲಿ ಮೊಳೆ ಒತ್ತಿ ಬರೆಯುತ್ತಿದ್ದ. ಆಮೇಲೆ ಹಾಳೆ ತಂದು ನನ್ನ ಕೈಗಿಟ್ಟ.

'ಮ್ಯಾನೇಜರಿಗೆ ಬ್ರೈಲ್ ಬರಲ್ಲ. ಸೋಮವಾರ ನೀನೇ ಓದಿ ಹೇಳು. ಮೊದಲು ತಪ್ಪಿದ್ರೆ ನೋಡು. ಈಗ ನನಗೆ ನನ್ನ ಮೇಲೆ ಧೈರ್ಯ ಇಲ್ಲ.'

ಹಾಳೆಯಲ್ಲಿ ಇದ್ದದ್ದು: '30 ವರ್ಷ ನನ್ನ ಬೆರಳು ಹೇಳಿದ್ದನ್ನು ನಂಬಿದೆ. ಈಗ ಅದು ಇರುವುದನ್ನು ಇಲ್ಲ ಅನ್ನುತ್ತಿದೆ. ಇಂಥ ಬೆರಳು ಇಟ್ಟುಕೊಂಡು ಔಷಧದ ಪುಟ ಮುಟ್ಟಬಾರದು. ತೊಂಬತ್ತು ದಿನ ಕಾಯುವುದು ಬೇಡ. ದಯವಿಟ್ಟು ನನ್ನನ್ನು ಮೇಜಿನಿಂದ ಬಿಡಿಸಿ.'

ಮೂವತ್ತು ಎಂಬ ಅಂಕಿ ಸಾಲಿನ ತಲೆಗೇ ಬಂದಿತ್ತು. ಅದರ ಮುಂದೆ ಅಂಕಿ ಚಿಹ್ನೆ. ನಾಲ್ಕೂ ಚುಕ್ಕಿ ಸ್ಪಷ್ಟ, ಒಂದೇ ಎತ್ತರ.

'ತಪ್ಪಿದೆಯಾ?' ಅಂದ.

'ಇಲ್ಲ.'

'ನೋಡು, ಬರೆಯೋಕೆ ಇನ್ನೂ ಬರುತ್ತೆ. ಓದೋಕೇ ಹೋಯ್ತು.' ನಕ್ಕ. 'ಹಾಳೆ ಜೋಡಿಸೋ ಕೆಲಸ ಪರವಾಗಿಲ್ಲ ಕಣೇ. ಅಲ್ಲಿ ರೇಡಿಯೋ ಹಾಕ್ತಾರಂತೆ.'

ಪ್ರಾಸ ಹುಡುಕಿದೆ. ಬೆರಳಿಗೆ ಕೊರಳು, ನೆರಳು, ಹೊರಳು. ಯಾವುದನ್ನೂ ಬರೆಯಲಾಗಲಿಲ್ಲ.

ಮಾರ್ಚ್ 17, ಸೋಮವಾರ. ಬೆಳಿಗ್ಗೆ 8.10

ದಿನ 85. ಅತ್ತೆ ಇನ್ನೂ ಓದುತ್ತಿದ್ದಾರೆ.

ಕೆಲಸವಿದೆ ಅಂತ ಹೇಳಿ ಅಣ್ಣನಿಗಿಂತ ಮುಂಚೆ ಬಂದೆ. ಮ್ಯಾನೇಜರ್ ಒಂಬತ್ತಕ್ಕೆ. ವ್ಯಾನ್ ಹತ್ತಕ್ಕೆ ಬರಬೇಕಿತ್ತು. ಕ್ಲಿನಿಕ್ಕಿಗೆ ಫೋನ್ ಮಾಡಿದೆ: ಕಳಿಸಬೇಡಿ, ಅಂಕಿ ತಪ್ಪಿದೆ, ಆರುನೂರನ್ನೂ ಮತ್ತೆ ಒತ್ತಬೇಕು. ಯಾರು ಮಾತಾಡ್ತಿರೋದು ಅಂದರು. ಹೆಸರು ಹೇಳಿದೆ.

ಒಂದು ಪೆಟ್ಟಿಗೆಯ ಟೇಪು ಕುಯ್ದು ಕೈಪಿಡಿ ತೆಗೆದೆ. ಒಂಬತ್ತನೇ ಪುಟ. ಕಣ್ಣು ಮುಚ್ಚಿಕೊಂಡು ಬೆರಳಿಟ್ಟೆ, ಅವನು ಚಿಕ್ಕಂದಿನಲ್ಲಿ ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆಯ ಮೇಲೆ ಚುಕ್ಕಿ ಒತ್ತಿ ಕಲಿಸಿದ ಹಾಗೆ. ಸಾಲಿನ ತಲೆ. ಅ. ಬ. ಅವುಗಳ ಮುಂದೆ ಚಿಹ್ನೆ ಇಲ್ಲ. ನನ್ನ ದಡ್ಡ ಬೆರಳಿಗೂ ಗೊತ್ತಾಯಿತು.

ಪುಟ ತೆರೆದೇ ಅವನ ಮೇಜಿನ ಮೇಲಿಟ್ಟಿದ್ದೇನೆ. ಅವನ ಪತ್ರ ನನ್ನ ಚೀಲದಲ್ಲಿದೆ.

ಅಧ್ಯಕ್ಷರೇ, ಗಣ್ಯರೇ...

ಅಧ್ಯಕ್ಷರಿಲ್ಲ. ಸಭೆಯೂ ಇಲ್ಲ. ಇಷ್ಟು ದಿನ ಇದನ್ನು ಪೆನ್ನಲ್ಲಿ ಬರೆದೆ. ಮನೆಯಲ್ಲಿ ಇರುವವರು ಇಬ್ಬರೇ, ಇನ್ನೊಬ್ಬರಿಗೆ ಪೆನ್ನಿನ ಅಕ್ಷರ ಓದಲಾಗದು. ಅದಕ್ಕೇ ಪೆನ್ನಲ್ಲಿ ಬರೆದೆ.

ಆ ಸಾಲು ಬರೆದದ್ದು ಯಾವ ಪುಣ್ಯಾತ್ಮರೂ ಅಲ್ಲ. ಗುಂಡಿ ಒತ್ತುವುದೂ ಬೇಡ. ಮೆಟ್ಟಿಲ ಮೇಲೆ ಕೋಲಿನ ಸದ್ದು. ಇಲ್ಲಿ ಬರೆದದ್ದು ಸಾಕು. ಅವನ ಸ್ಲೇಟು, ಮೊಳೆ ತೆಗೆದುಕೊಂಡೆ. ಮೊದಲ ಸಾಲು ಹೀಗೆ ಒತ್ತುತ್ತೇನೆ, ಅವನಿಗೆ ಸಿಗುವ ಹಾಗೆ:

ಅಣ್ಣಾ, ಬಿಟ್ಟುಬಿಡು ಅಂತ ಬರೆದವಳು ನಾನು. ನಿನ್ನ ಬೆರಳು ಸರಿಯಿದೆ ಅಂತ ಬುಧವಾರದಿಂದ ನನಗೆ ಗೊತ್ತು.